ಬಿಳಿ ಬಟ್ಟಲು ತರಿಸಿದ್ದು ಯಾರು

ಅಥವಾ ಅದನ್ನು ತರಿಸಿದ್ದು ನಾನೇ ಇರಬಹುದು. ಇಷ್ಟು ದಿನ ಅಕ್ಕ ಎಂದೇ ಹೇಳಿಕೊಂಡು ಬಂದಿದ್ದೇನೆ. ಮೆನುವಿನ ಮೇಲೆ ಅವಳ ಬೆರಳು, ಬೆರಳಿನಲ್ಲಿ ಉಂಗುರ, ಉಂಗುರದ ಕೆಳಗೆ ಆ ಸಾಲು, ಎಲ್ಲವೂ ಈಗ ನೋಡಿದಷ್ಟು ಸ್ಪಷ್ಟವಾಗಿದೆ. ಅಷ್ಟು ಸ್ಪಷ್ಟವಾಗಿರುವುದರಿಂದಲೇ ನನಗೆ ಅನುಮಾನ. ಅಕ್ಕ ಉಂಗುರ ಹಾಕುವವಳಲ್ಲ. ಹಿಟ್ಟು ಕಲಸುವಾಗ ಅಡ್ಡ ಬರುತ್ತದೆಂದು ಮದುವೆಯಾದ ಮರುವರ್ಷವೇ ತೆಗೆದಿಟ್ಟವಳು. ಹಾಗಾದರೆ ನನ್ನ ನೆನಪಿನಲ್ಲಿರುವ ಬೆರಳು ಯಾರದು? ಉಂಗುರ ಹಾಕುವುದು ನಾನು.

ಅನುಮಾನವಿಲ್ಲದ್ದನ್ನು ಮೊದಲು ಬರೆಯುತ್ತೇನೆ. ನಾವು ಮೂವರಿದ್ದೆವು: ನಾನು, ನನ್ನ ಅಕ್ಕ, ಭಾವ. ಜಾಗ ದೋಹಾದ ಒಂದು ಹೋಟೆಲಿನ ಮೇಲಿನ ಮಹಡಿಯಲ್ಲಿರುವ ಸ್ಪ್ಯಾನಿಷ್ ರೆಸ್ಟೋರೆಂಟ್. ಡಿಸೆಂಬರ್ ತಿಂಗಳು. ಡಿಸೆಂಬರ್ ಎಂದು ಹೇಗೆ ಗೊತ್ತೆಂದರೆ, ಕೂಪನ್. ಇಲ್ಲಿ ನಮ್ಮವರಲ್ಲಿ ಹೊರಗೆ ಊಟಕ್ಕೆ ಹೋಗುವುದೆಂದರೆ ಮೊದಲು ಫೋನಿನಲ್ಲಿ ಕೂಪನ್ ನೋಡುವುದು, ಹಸಿವಿನ ಪ್ರಶ್ನೆ ಆಮೇಲೆ. ಒಂದು ತೆಗೆದುಕೊಂಡರೆ ಇನ್ನೊಂದು ಬಿಟ್ಟಿ. ವರ್ಷ ಮುಗಿದರೆ ಉಳಿದ ಕೂಪನ್‌ಗಳೆಲ್ಲ ಸತ್ತುಹೋಗುತ್ತವೆ. ಹಾಗಾಗಿ ಡಿಸೆಂಬರ್ ಕೊನೆಯಲ್ಲಿ ದೋಹಾದ ಬಡಾವಣೆಯಾದ ಬಿನ್ ಮಹಮೂದ್‌ನ ಸಂಸಾರಗಳೆಲ್ಲ ತಮಗೆ ಹೆಸರು ಹೇಳಲು ಬಾರದ ಊಟಗಳ ಮುಂದೆ ಕುಳಿತಿರುತ್ತವೆ. ನಾನೂ ಬಿನ್ ಮಹಮೂದ್‌ನವಳೇ. ಒಳಾಂಗಣ ಕೆಲಸ ಮಾಡುವ ಕಂಪನಿಯೊಂದರಲ್ಲಿ ನಕ್ಷೆ ಬರೆಯುತ್ತೇನೆ, ಇನ್ನೊಬ್ಬಳ ಜೊತೆ ಫ್ಲ್ಯಾಟ್ ಹಂಚಿಕೊಂಡಿದ್ದೇನೆ. ಅಕ್ಕ, ಭಾವ ಮಗಳೊಂದಿಗೆ ಇರುವುದು ದೋಹಾದ ಪಕ್ಕದ ಅಲ್ ವಕ್ರಾದಲ್ಲಿ. ಮಗಳು ಓದಲಿಕ್ಕಿದೆಯೆಂದು ಆ ರಾತ್ರಿ ಬಂದಿರಲಿಲ್ಲ.

ಇನ್ನೊಂದು ಮಾತನ್ನೂ ಈಗಲೇ ಹೇಳಿಬಿಡಬೇಕು. ಆ ಮೇಜಿನ ಸುತ್ತ ಕೂತು ನಾವು ಆಡಿದ್ದು ತುಳು. ಮುಂದೆ ಬರುವ ಮಾತುಗಳೆಲ್ಲ ನಾನು ಕನ್ನಡಕ್ಕೆ ತಂದವು. ಅಂದರೆ ಉದ್ಧರಣ ಚಿಹ್ನೆಯೊಳಗೆ ಇರುವ ಒಂದು ಪದವೂ ಆ ರಾತ್ರಿ ಯಾರ ಬಾಯಿಂದಲೂ ಬಂದದ್ದಲ್ಲ. ಓದುವಾಗ ಇದು ಮರೆತುಹೋಗುತ್ತದೆ. ಬರೆಯುವಾಗ ನನಗೂ ಮರೆತುಹೋಗುತ್ತದೆ.

ಕೂಪನ್ ಉಪಯೋಗಿಸೋಣ ಎಂದು ಫೋನ್ ಮಾಡಿದ್ದು ಅಕ್ಕ. "ಇವರು ಇಷ್ಟರವರೆಗೆ ತಿಂದು ನೋಡದ್ದು ಎಂತಾದ್ರೂ ಉಂಟಾ ನೋಡು," ಎಂದಿದ್ದಳು. ಪ್ರೀತಿಯ ಮಾತು ಎಂದುಕೊಂಡೆ. ಭಾವನಿಗೆ ಹೊಸ ರುಚಿ ತೋರಿಸುವ ಆಸೆ ಇರಬೇಕೆಂದು ಫೋನಿನಲ್ಲಿ ಹುಡುಕಿದೆ. ಇಟಾಲಿಯನ್ ಬೇಡ, ಪಿಜ್ಜಾ ತಿಂದಿದ್ದಾರೆ. ಟರ್ಕಿಯದ್ದು ಬೇಡ, ಕಬಾಬ್ ತಿಂದಿದ್ದಾರೆ. ಸ್ಪ್ಯಾನಿಷ್ ಎಂದು ಕಂಡಾಗ ಒತ್ತಿದೆ. ಆಯ್ಕೆಯ ಹಿಂದೆ ಇದ್ದ ವಿಚಾರ ಅಷ್ಟೇ.

ಭಾವ ಕೈಗಾರಿಕೆಗಳ ಊರಾದ ಮೆಸಯೀದ್‌ನ ಒಂದು ಅನಿಲ ಸ್ಥಾವರದಲ್ಲಿ ಆಪರೇಟರ್. ಕಂಟ್ರೋಲ್ ರೂಮಿನಲ್ಲಿ ಕೂರುವವರಲ್ಲ, ಹೊರಗೆ ಪೈಪುಗಳ ನಡುವೆ ಒಬ್ಬರೇ ಸುತ್ತು ಹಾಕುವವರು. ಪಂಪಿನ ಸದ್ದು ಬದಲಾಗಿದೆಯೇ, ಎಲ್ಲಾದರೂ ಸೋರುತ್ತಿದೆಯೇ ಎಂದು ನೋಡಿಕೊಂಡು ಬರುವುದು ಅವರ ಕೆಲಸ. ಅಲ್ಲಿ ಸೋರಬಹುದಾದ ಅನಿಲಗಳಲ್ಲಿ ಒಂದಕ್ಕೆ ಕೊಳೆತ ಮೊಟ್ಟೆಯ ವಾಸನೆ. ಸ್ವಲ್ಪ ಹೆಚ್ಚಾದರೆ ಮನುಷ್ಯ ನಿಂತಲ್ಲೇ ಬೀಳುತ್ತಾನೆ. ಎಲ್ಲರ ಎದೆಯ ಮೇಲೂ ಒಂದು ಪುಟ್ಟ ಮೀಟರ್ ಸಿಕ್ಕಿಸಿರುತ್ತದೆ, ಅಪಾಯದ ಮಟ್ಟ ಮುಟ್ಟಿದರೆ ಕೂಗಿಕೊಳ್ಳುತ್ತದೆ. ಆದರೆ ಮೀಟರ್ ಕೂಗುವುದಕ್ಕೆ ಎಷ್ಟೋ ಮೊದಲು ತನ್ನ ಮೂಗಿಗೆ ಗೊತ್ತಾಗುತ್ತದೆ ಎಂಬುದು ಭಾವನ ಹೆಮ್ಮೆ. ಹಾಗೆ ಗೊತ್ತಾಗಿ, ಜೊತೆಯವನ ಕೈ ಹಿಡಿದು ಎಳೆದುಕೊಂಡು ಗಾಳಿ ಬೀಸುವ ದಿಕ್ಕು ಬಿಟ್ಟು ಓಡಿದ ಕಥೆಯನ್ನು ನಾನು ಎಷ್ಟು ಸಲ ಕೇಳಿದ್ದೇನೋ. ಕಂಪನಿ ಸಂಬಳ ಕೊಡುವುದು ನನ್ನ ಮೂಗಿಗೆ, ಉಳಿದ ದೇಹ ಅದನ್ನು ಹೊತ್ತು ತಿರುಗುತ್ತದೆ ಅಷ್ಟೇ, ಎನ್ನುವರು. ಮನೆಗೆ ಬರುವಾಗ ಲಿಫ್ಟಿನಲ್ಲೇ ಅಕ್ಕ ಏನು ಮಾಡಿದ್ದಾಳೆಂದು ಹೇಳುತ್ತಿದ್ದರಂತೆ. ಮೀನಾದರೆ ಯಾವ ಮೀನು ಎಂದೂ.

ಅವರ ಹಗಲು ಪಾಳಿ ಮುಗಿದು, ಕಂಪನಿಯ ಬಸ್ಸು ವಕ್ರಾಕ್ಕೆ ಬಂದು, ಸ್ನಾನ ಮಾಡಿ ಹೊರಟು, ಹೋಟೆಲಿನ ಕೆಳಗೆ ಪಾರ್ಕಿಂಗ್ ಹುಡುಕಿ ನಾವು ಮೇಲೆ ಹೋದಾಗ ಹತ್ತು ಗಂಟೆ ಕಳೆದಿತ್ತು. ಈ ಊರಿಗೆ ಅದು ತಡವಲ್ಲ. ಮಕ್ಕಳನ್ನು ಕಟ್ಟಿಕೊಂಡು ಆಗಷ್ಟೇ ಬಂದು ಕೂರುತ್ತಿದ್ದ ಮನೆಮಂದಿಯಿಂದ ಅರ್ಧ ಮೇಜುಗಳು ತುಂಬಿದ್ದವು. ನೆನಪಿನಲ್ಲಿ ಹಿಂದೆ ಎಲ್ಲೋ ಗಿಟಾರ್ ಕೇಳಿಸುತ್ತದೆ. ಅದನ್ನು ನಂಬಬೇಡಿ. ಆ ರಾತ್ರಿ ತೆಗೆದ ಒಂದು ಸಣ್ಣ ವಿಡಿಯೋ ನನ್ನ ಫೋನಿನಲ್ಲಿದೆ, ಅದರಲ್ಲಿ ಕೇಳುವುದು ಟ್ಯಾಕ್ಸಿಗಳಲ್ಲಿ ದಿನವೂ ಕೇಳುವ ಅರಬ್ಬಿ ಹಾಡು. ಸ್ಪ್ಯಾನಿಷ್ ರೆಸ್ಟೋರೆಂಟ್ ಎಂದ ಮೇಲೆ ಗಿಟಾರ್ ಇರಲಿ ಎಂದು ನನ್ನ ತಲೆ ತಾನೇ ಸೇರಿಸಿಕೊಂಡಿದೆ.

ನಮ್ಮ ಮೇಜು ನೋಡಿಕೊಂಡದ್ದು ಭಾವನ ವಯಸ್ಸಿನ, ನರೆತ ಮೀಸೆಯ ಒಬ್ಬ ಮಲಯಾಳಿ. ಭಾವ ಆತನೊಡನೆ ಮಲಯಾಳದಲ್ಲೇ ಶುರುಮಾಡಿದರು. ಪಯೆಲ್ಲಾ ಎಂಬ ಅವರ ಅನ್ನದ ಅಡುಗೆಗೆ ಅರ್ಧ ಗಂಟೆಗೂ ಹೆಚ್ಚು ಬೇಕು, ಅಲ್ಲಿಯವರೆಗೆ ಸಣ್ಣ ಸಣ್ಣ ತಟ್ಟೆಗಳನ್ನು ತರಿಸಿಕೊಳ್ಳಿ ಎಂದು ಆತ ಸಲಹೆ ಕೊಟ್ಟ. ನಾವು ಕೆಲವನ್ನು ಹೇಳಿದೆವು. ಯಾವುದನ್ನು ಯಾರು ಹೇಳಿದ್ದು ಎಂಬುದೇ ನನ್ನ ತೊಂದರೆ. ಮೊದಲು ಆಲಿವ್ ಬಂತು, ಹುರಿದ ಹಸಿಮೆಣಸು ಬಂತು. ಆಮೇಲೆ ಬಹಳ ಹೊತ್ತು ಏನೂ ಬರಲಿಲ್ಲ. ತಟ್ಟೆಗಳು ಅಡುಗೆಮನೆಯ ಬಾಗಿಲಿನಿಂದ ಹೊರಟು ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋಗಿ ಬೇರೆ ಮೇಜು ಸೇರುತ್ತಿದ್ದವು.

"ಈ ಸ್ಪೇನಿನವರ ಫುಟ್‌ಬಾಲೂ ಹೀಗೆಯೇ ಮಾರಾಯ್ತಿ," ಎಂದರು ಭಾವ. "ಪಾಸ್ ಕೊಡ್ತಾರೆ, ಪಾಸ್ ಕೊಡ್ತಾರೆ, ಗೋಲು ಮಾತ್ರ ಇಲ್ಲ."

ಅಕ್ಕ ನಕ್ಕಳು. ಇದು ಮುಖ್ಯ. ಆ ಹೊತ್ತಿನವರೆಗೂ ಅವಳು ನಗುತ್ತಿದ್ದಳು. ವಿಡಿಯೋದಲ್ಲಿಯೂ ನಗುತ್ತಿದ್ದಾಳೆ.

ಬಿಳಿ ಬಟ್ಟಲು ಬಂದದ್ದು ಆಮೇಲೆ. ಅಂಗೈಯಗಲದ ಮಣ್ಣಿನ ಬಟ್ಟಲು. ಒಳಗೆ ಬೆಣ್ಣೆಯಂತೆ ಕಡೆದ ನೊರೆನೊರೆ ಬಿಳಿ, ಮೇಲೆ ಒಂದು ಎಳೆ ಎಣ್ಣೆ, ಪಕ್ಕದಲ್ಲಿ ಸುಟ್ಟ ಬ್ರೆಡ್ಡಿನ ಚೂರುಗಳು. ಮೇಜಿಗೆ ಇಟ್ಟ ಕ್ಷಣದಲ್ಲೇ ನನಗೆ ಗೊತ್ತಾಯಿತು. ಅಕ್ಕನಿಗೂ ಗೊತ್ತಾಯಿತು, ಅವಳ ಮೂಗಿನ ಹೊಳ್ಳೆ ಅರಳಿದ್ದನ್ನು ನೋಡಿದೆ. ಒಣಮೀನು. ಹಾಲಿನಲ್ಲಿ, ಆಲೂಗಡ್ಡೆಯಲ್ಲಿ, ಆಲಿವ್ ಎಣ್ಣೆಯಲ್ಲಿ ಹಾಕಿ ಎಷ್ಟು ಕಡೆದರೂ ಉಪ್ಪು ಹಾಕಿ ಒಣಗಿಸಿದ ಮೀನು ತಾನು ಯಾರೆಂದು ಹೇಳದೆ ಬಿಡುವುದಿಲ್ಲ. ನಮ್ಮ ಕಡೆಯವರಿಗೆ ಈ ವಾಸನೆ ತಿಳಿಯದೆ ಇರಲು ಸಾಧ್ಯವಿಲ್ಲ. ಮಂಗಳೂರಿನಿಂದ ಬರುವಾಗ ಒಣಮೀನಿಗೆ ಪ್ಲಾಸ್ಟಿಕ್, ಮೇಲೆ ಪೇಪರ್, ಮೇಲೆ ಮತ್ತೆ ಪ್ಲಾಸ್ಟಿಕ್, ಸುತ್ತ ಟೇಪು. ಆದರೂ ವಿಮಾನ ನಿಲ್ದಾಣದ ಬೆಲ್ಟಿನ ಮೇಲೆ ನಮ್ಮ ಸೂಟ್‌ಕೇಸ್ ಬರುವುದು ಕಣ್ಣಿಗೆ ಕಾಣುವ ಮೊದಲೇ ತಿಳಿಯುತ್ತದೆ. ಮನೆಯಲ್ಲಿ ಆ ಪ್ಯಾಕಿಂಗ್ ಮಾಡುವವರು ಭಾವನೇ. ಬೇರೆಯವರು ಕಟ್ಟಿದರೆ ಅವರಿಗೆ ಸಮಾಧಾನವಿಲ್ಲ.

ಭಾವ ಬಟ್ಟಲನ್ನು ನೋಡಿದರು. ಗಲ್ಫಿನಲ್ಲಿ ಇರುವವರಿಗೆ ಒಂದು ಬಿಳಿ ಪೇಸ್ಟ್ ಗೊತ್ತು. ಸುಟ್ಟ ಕೋಳಿ ಕಟ್ಟಿಸಿಕೊಂಡರೆ ಜೊತೆಗೆ ಪುಟ್ಟ ಡಬ್ಬಿಯಲ್ಲಿ ಕೊಡುವ ಬೆಳ್ಳುಳ್ಳಿಯ ಪೇಸ್ಟ್, ತೂಮ್. ಅದೂ ಹೀಗೆಯೇ ಬೆಳ್ಳಗೆ, ನೊರೆನೊರೆಯಾಗಿ ಇರುತ್ತದೆ. ಭಾವ ಬ್ರೆಡ್ಡನ್ನು ಅರಬ್ಬಿ ರೊಟ್ಟಿ ಖುಬ್ಬೂಸಿನಂತೆ ಹರಿದು, ದೊಡ್ಡ ತುತ್ತು ಅದ್ದಿ ಬಾಯಿಗಿಟ್ಟುಕೊಂಡರು.

"ಕೋಳಿಯನ್ನು ಒಳಗಿಟ್ಟುಕೊಂಡು ತೂಮ್ ಮಾತ್ರ ಕಳಿಸಿದ್ದಾರಲ್ಲ," ಎಂದರು. ಅಗಿದು ನುಂಗಿದರು. "ಬೆಳ್ಳುಳ್ಳಿ ಭಾರೀ ಜೋರುಂಟು. ಇವತ್ತು ನನಗೆ ಸೋಫಾವೇ ಗತಿ, ನಿನ್ನಕ್ಕ ಹತ್ತಿರ ಸೇರಿಸ್ಲಿಕ್ಕಿಲ್ಲ."

ನಾನು ನಕ್ಕೆ. ತಮಾಷೆ ಎಂದುಕೊಂಡೆ. ಭಾವ ನನ್ನ ಮುಂದೆ ಮಾತಾಡುವುದರಲ್ಲಿ ಅರ್ಧ ತಮಾಷೆಯೇ. ಒಣಮೀನನ್ನು ಬೆಳ್ಳುಳ್ಳಿ ಎನ್ನುವುದರಲ್ಲಿ ಏನೋ ಒಂದು ಕೀಟಲೆ ಇದೆ, ಈಗ ಅದು ಬಿಚ್ಚಿಕೊಳ್ಳುತ್ತದೆ ಎಂದು ಅವರ ಮುಖವನ್ನೇ ನೋಡುತ್ತ ಕುಳಿತೆ. ಅವರು ಇನ್ನೊಂದು ತುತ್ತು ತೆಗೆದುಕೊಂಡರು.

ಇಲ್ಲಿ ನನ್ನ ನೆನಪು ಎರಡಾಗುತ್ತದೆ.

ಅಕ್ಕ ಆ ಮಲಯಾಳಿಯನ್ನು ಕರೆದು, ಇದರಲ್ಲಿ ಬೆಳ್ಳುಳ್ಳಿ ಇದೆಯೇ ಎಂದು ಕೇಳಿದಳು. ಆತ ಇಲ್ಲ ಎಂದ. ಬೇರೆ ಕಡೆ ಹಾಕುತ್ತಾರೆ, ಇಲ್ಲಿ ಹಾಕುವುದಿಲ್ಲ, ಉಪ್ಪು ಮೀನು, ಹಾಲು, ಆಲೂಗಡ್ಡೆ, ಎಣ್ಣೆ ಅಷ್ಟೇ ಎಂದ. ಇಷ್ಟು ನಡೆದದ್ದು ನಿಜ. ಆದರೆ ಅವಳು ಕೇಳಿದ್ದು ಭಾವ ಹಾಗೆ ಹೇಳಿದ ಮೇಲೋ, ಅಥವಾ ಬಹಳ ಮೊದಲು ಮೆನು ನೋಡುವಾಗಲೋ? ಒಂದು ನೆನಪಿನಲ್ಲಿ ಆತ ಕೈಯಲ್ಲಿ ಪೆನ್ನು ಹಿಡಿದು ನಿಂತಿದ್ದಾನೆ, ಅಂದರೆ ಆರ್ಡರ್ ಬರೆದುಕೊಳ್ಳುವ ಹೊತ್ತು. ಇನ್ನೊಂದರಲ್ಲಿ ಖಾಲಿ ತಟ್ಟೆ ಹಿಡಿದಿದ್ದಾನೆ, ಅಂದರೆ ಆಮೇಲೆ. ಆಮೇಲಾದರೆ ಅವಳು ಖಚಿತಪಡಿಸಿಕೊಂಡಳು. ಮೊದಲೇ ಆದರೆ ಅವಳು ಭಾವನನ್ನು ಪರೀಕ್ಷಿಸಲು ತಯಾರಾಗಿಯೇ ಬಂದಿದ್ದಳು. ಭಾವ ಏನೆಂದು ತಪ್ಪು ತಿಳಿಯಬಹುದು ಎಂದು ಕೂಡ ಅವಳಿಗೆ ಗೊತ್ತಿತ್ತು ಎಂದಾಗುತ್ತದೆ.

ಅಕ್ಕ ಕೈಯಲ್ಲಿದ್ದ ಬ್ರೆಡ್ಡನ್ನು ತಟ್ಟೆಯ ಅಂಚಿಗೆ ಇಟ್ಟಳು.

"ಎಷ್ಟು ದಿವಸ ಆಯ್ತು?"

"ಎಂತದ್ದು ಎಷ್ಟು ದಿವಸ?"

"ಮೂಗು."

ಭಾವ ನನ್ನನ್ನು ನೋಡಿದರು. ನಾನು ಬಟ್ಟಲನ್ನು ನೋಡಿದೆ. ಆಮೇಲೆ ಅವರೂ ಬಟ್ಟಲನ್ನು ನೋಡಿ, ಅದನ್ನು ಎತ್ತಿ ಮೂಗಿನ ಹತ್ತಿರ ತಂದು, ಮತ್ತೆ ಕೆಳಗಿಟ್ಟರು. ಅದು ಏನೆಂದು ಕೇಳಲಿಲ್ಲ.

ಜ್ವರ ಬಂದಿತ್ತಲ್ಲ, ಆಗಿನಿಂದ ಎಂದರು. ಅಕ್ಟೋಬರಿನಲ್ಲಿ ಅವರು ಒಂದು ವಾರ ಮಲಗಿದ್ದರು. ವಾಪಸು ಬರುತ್ತದೆ, ಪ್ಲಾಂಟಿನಲ್ಲಿ ಎಷ್ಟೋ ಜನರಿಗೆ ಹೋಗಿ ಬಂದಿದೆ ಎಂದರು. ನಾಲಿಗೆಗೆ ಉಪ್ಪು, ಹುಳಿ ಎಲ್ಲ ಗೊತ್ತಾಗುತ್ತದೆ, ಅದಕ್ಕೇ ಇಷ್ಟು ದಿನ ನಡೆದುಹೋಯಿತು ಎಂದೂ ಹೇಳಿದರು. ಅದನ್ನು ಹೇಳುವಾಗ ಸ್ವಲ್ಪ ಜಂಬವೂ ಇತ್ತೆಂದು ನನ್ನ ನೆನಪು. ಮನೆಯಲ್ಲಿ ಅವರಿಗೆ ಕಷ್ಟವಾಗಿರಲಿಲ್ಲ. ಅಕ್ಕನ ಅಡುಗೆ ನೋಡಿದರೇ ತಿಳಿಯುತ್ತದೆ, ಬಣ್ಣ ನೋಡಿ ಬಂಗುಡೆ ಗಸಿ ಚೆನ್ನಾಗಿದೆ ಎನ್ನಬಹುದು. ಕಣ್ಣಿಗೆ ಗುರುತಿಲ್ಲದ ಊಟ ಬಂದಾಗ ಸಿಕ್ಕಿಬಿದ್ದರು.

ಅಕ್ಕ ಆಗ ಅಡುಗೆಮನೆಯ ಸಂಗತಿ ಹೇಳಿದಳು. ಒಂದು ಬೆಳಿಗ್ಗೆ ಹಾಲು ಉಕ್ಕಿ ಗ್ಯಾಸಿನ ಉರಿ ಆರಿತ್ತು. ಅವಳು ಬಟ್ಟೆ ಒಣಗಹಾಕಲು ಹೋಗಿದ್ದಳು. ಬಂದರೆ ಅಡುಗೆಮನೆ ತುಂಬ ಗ್ಯಾಸ್, ಭಾವ ಅಲ್ಲೇ ಒಲೆಗೆ ಒರಗಿ ನಿಂತು ಫೋನ್ ನೋಡುತ್ತ ಚಾ ಕುಡಿಯುತ್ತಿದ್ದಾರೆ. ಅವಳು ಓಡಿ ನಾಬ್ ತಿರುಗಿಸಿ ಕಿಟಕಿ ತೆಗೆದಳು. ಫೋನಿನಲ್ಲಿ ಮುಳುಗಿದ್ದೆ, ನೋಡಲಿಲ್ಲ ಎಂದಿದ್ದರು ಭಾವ.

"ಮೂಗಿಗೆ ನೋಡ್ಬೇಕಾ?" ಎಂದಳು ಅಕ್ಕ ಈಗ. "ನಾಳಿದ್ದು ನೈಟ್ ಶಿಫ್ಟಿಗೆ ಹೋಗ್ಬೇಡಿ. ಡಾಕ್ಟರಿಗೆ ಹೇಳಿ."

ಭಾವ ಮೀಟರಿನ ಮಾತೆತ್ತಿದರು. ಎದೆಯ ಮೇಲೊಂದು, ಕಂಬ ಕಂಬಕ್ಕೊಂದು. ಟ್ರೈನಿಂಗಿನಲ್ಲಿ ಕಲಿಸುವ ಮೊದಲ ಪಾಠವೇ ಮೂಗನ್ನು ನಂಬಬೇಡಿ ಎಂದು. ಆ ಗ್ಯಾಸು ಹೆಚ್ಚಾದರೆ ಮೊದಲು ಮೂಗನ್ನೇ ಸಾಯಿಸುತ್ತದೆ. ಮೂಗು ಇದ್ದವನಿಗೂ ಇಲ್ಲದವನಿಗೂ ಅಲ್ಲಿ ವ್ಯತ್ಯಾಸವಿಲ್ಲ.

"ಇಷ್ಟು ವರ್ಷ ನೀವು ಬೇರೆ ಹೇಳ್ತಿದ್ರಿ."

"ಅದು ಕಥೆ. ಊಟದ ಹೊತ್ತಿಗೆ ಹೇಳ್ಲಿಕ್ಕೆ."

ಡಾಕ್ಟರಿಗೆ ಹೇಳಿದರೆ ಏನಾಗುತ್ತದೆಂದು ಭಾವ ನನ್ನ ಕಡೆ ತಿರುಗಿ ವಿವರಿಸಿದರು, ನಾನು ನ್ಯಾಯ ಹೇಳುವವಳು ಎಂಬಂತೆ. ಹೊರಗಿನ ಕೆಲಸಕ್ಕೆ ಫಿಟ್ ಅಲ್ಲ ಎಂದು ಬರೆಯುತ್ತಾರೆ. ಒಳಗೆ ಕೂರಿಸಲು ಜಾಗ ಇದ್ದರೆ ಕೂರಿಸುತ್ತಾರೆ, ಇಲ್ಲದಿದ್ದರೆ ಖಲಾಸ್. ಮಗಳ ಹನ್ನೆರಡನೆಯ ತರಗತಿ ಅರ್ಧದಲ್ಲಿದೆ. ಕೆಲಸದ ಜೊತೆ ವೀಸಾ, ವೀಸಾದ ಜೊತೆ ಮನೆ, ಮನೆಯ ಜೊತೆ ಶಾಲೆ. ಅವರು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಅಕ್ಕ ಹೇಳಿದ್ದರಲ್ಲಿಯೂ ಇರಲಿಲ್ಲ.

ಆಗ ಪಯೆಲ್ಲಾ ಬಂತು. ಕೊನೆಗೂ ಗೋಲು ಎಂದು ಯಾರಾದರೂ ಹೇಳಬಹುದಿತ್ತು. ಅಗಲವಾದ ಕಪ್ಪು ಬಾಣಲೆ, ಹಳದಿ ಅನ್ನ, ಸಿಗಡಿ, ಚಿಪ್ಪುಸಮೇತ ಬೆಂದ ಮಳಿ. ಆ ಮಲಯಾಳಿ ನಮ್ಮ ಮುಖಗಳನ್ನು ಗಮನಿಸಿದನೋ ಇಲ್ಲವೋ, ತಳದಲ್ಲಿ ಕಂದಾಗಿ ಹಿಡಿದಿರುವುದೇ ಇದರ ಒಳ್ಳೆಯ ಭಾಗ, ಕೆರೆದು ತಿನ್ನಿ ಎಂದು ಹೇಳಿ ಹೋದ. ನಮ್ಮ ಮನೆಗಳಲ್ಲಿ ಅನ್ನ ತಳ ಹಿಡಿದರೆ ಪಾತ್ರೆಗೆ ನೀರು ಹಾಕಿ ಯಾರಿಗೂ ಕಾಣದಂತೆ ಮೂಲೆಗಿಡುತ್ತೇವೆ. ಅಕ್ಕ ಚಮಚ ತೆಗೆದುಕೊಂಡು ತಳವನ್ನು ಕೆರೆಯತೊಡಗಿದಳು. ಕೆರೆದು ಭಾವನ ತಟ್ಟೆಗೆ ಹಾಕಿದಳು, ನನ್ನ ತಟ್ಟೆಗೆ ಹಾಕಿದಳು, ಮತ್ತೆ ಕೆರೆದಳು. ಪಕ್ಕದ ಮೇಜಿನ ಮಗು ಆ ಸದ್ದಿಗೆ ತಿರುಗಿ ನೋಡಿತು. ಭಾವ ತಲೆ ಬಗ್ಗಿಸಿ ತಿಂದರು.

"ಹೇಗುಂಟು?" ಎಂದಳು ಅಕ್ಕ.

"ಗರಿಗರಿ ಉಂಟು," ಎಂದರು. ಇನ್ನೊಂದು ತುತ್ತು ತಿಂದು, "ಅಷ್ಟೇ ಗೊತ್ತಾಗುವುದು," ಎಂದರು.

ಇದಾದ ಮೇಲೆ ಮೂಗಿನ ಮಾತು ಮುಂದುವರಿಯಲಿಲ್ಲ. ಕೂಪನ್ನಿನ ಕೋಡ್ ಹೇಳಿ ನಾನು ಬಿಲ್ ಕೊಟ್ಟೆ. ಕಾರಿನಲ್ಲಿ ಅವರಿಬ್ಬರು ಮುಂದೆ, ನಾನು ಹಿಂದೆ. ಬಿನ್ ಮಹಮೂದ್‌ನಲ್ಲಿ ನಾನು ಇಳಿಯುವಾಗ ಭಾವ ಕಿಟಕಿಯಿಂದ ತಲೆ ಹೊರಹಾಕಿ, ಮುಂದಿನ ಸಲ ಬಾಂಗ್ಲಾದೇಶದವರ ಹೋಟೆಲಿಗೆ ಹೋಗೋಣ, ಅಲ್ಲಿ ಮೀನು ಮೀನಿನ ಹಾಗೆಯೇ ಇರುತ್ತದೆ ಎಂದರು. ಇದನ್ನು ಅವರು ನಿಜವಾಗಿ ಹೇಳಿದರೋ, ಅವರು ಹೇಳಬಹುದಾಗಿದ್ದನ್ನು ನಾನು ಸೇರಿಸಿದ್ದೇನೋ, ಖಾತ್ರಿ ಇಲ್ಲ. ಕಿಟಕಿಯ ಗಾಜು ಇಳಿದದ್ದು ಮಾತ್ರ ನೆನಪಿದೆ.

ಅವರು ನೈಟ್ ಶಿಫ್ಟಿಗೆ ಹೋದರು. ಅದು ನನಗೆ ಗೊತ್ತು, ಯಾಕೆಂದರೆ ಅಂದು ಸಂಜೆ ಅಕ್ಕ ಫೋನ್ ಮಾಡಿ "ಬಸ್ಸು ಬಂತು" ಎಂದು ಇಟ್ಟುಬಿಟ್ಟಳು. ಮರುದಿನ ಬೆಳಿಗ್ಗೆ "ಬಂದರು" ಎಂದು ಮೆಸೇಜು. ನಾಲ್ಕೈದು ದಿನ ಹೀಗೆಯೇ ನಡೆಯಿತು. ನಾನು ಆಫೀಸಿನಲ್ಲಿ ಯಾರದೋ ಅಡುಗೆಮನೆಯ ನಕ್ಷೆಯಲ್ಲಿ ಗ್ಯಾಸಿನ ಜಾಗ ಗುರುತು ಮಾಡುತ್ತ ಅವಳ ಮೆಸೇಜಿಗಾಗಿ ಕಾಯುತ್ತಿದ್ದೆ. ಆ ರಾತ್ರಿಗಳಲ್ಲಿ ಅವಳು ನಿದ್ದೆ ಮಾಡಿದಳೇ ಎಂದು ಕೇಳಲಿಲ್ಲ.

ಜನವರಿ ಮುಗಿಯುವ ಹೊತ್ತಿಗೆ ಭಾವನ ಕೆಲಸ ಪರ್ಮಿಟ್ ಆಫೀಸಿಗೆ ಬದಲಾಯಿತು. ಪ್ಲಾಂಟಿನೊಳಗೆ ಕೆಲಸ ಮಾಡುವವರಿಗೆ ಅನುಮತಿ ಚೀಟಿ ಕೊಡುವ ಕೋಣೆ. ಎಸಿ ಇದೆ, ಹಗಲು ಮಾತ್ರ ಕೆಲಸ. ಹೇಗಾಯಿತು ಎಂದಾಗ, ಅಲ್ಲಿದ್ದ ಫಿಲಿಪಿನೋ ಊರಿಗೆ ಹೋದ, ರೊಟೇಶನ್ನಿನಲ್ಲಿ ನನ್ನ ಸರದಿ ಬಂತು ಎಂದರು. ಇರಬಹುದು. ಅವರೇ ಹೋಗಿ ಡಾಕ್ಟರಿಗೆ ಹೇಳಿರಲೂಬಹುದು. ಮೂಗಿನ ಮಾತೆತ್ತದೆ ಮೊಣಕಾಲು ನೋವೆಂದು ಹೇಳಿ ಒಳಗೆ ಬಂದಿರಲೂಬಹುದು, ಅದು ಅವರ ಸ್ವಭಾವಕ್ಕೆ ಹೆಚ್ಚು ಹೊಂದುತ್ತದೆ. ಅಥವಾ ಅಕ್ಕ ಅವರಿಗೆ ತಿಳಿಯದಂತೆ ಯಾರಿಗಾದರೂ ಫೋನ್ ಮಾಡಿರಬಹುದು. ಒಮ್ಮೆ ಅವಳನ್ನು ಕೇಳಿಯೇಬಿಟ್ಟೆ, ಫೋನಿನ ವಿಚಾರ ಅಲ್ಲ, ಬಟ್ಟಲಿನ ವಿಚಾರ. ಅವತ್ತು ಆ ಮೀನಿನದ್ದನ್ನು ಬೇಕೆಂದೇ ತರಿಸಿದೆಯಾ ಎಂದೆ.

"ತರಿಸಿದ್ದು ನೀನಲ್ವಾ?" ಎಂದಳು.

ಅವಳು ಮನಸ್ಸಿನಲ್ಲಿದ್ದದ್ದು ಮುಖದಲ್ಲಿ ಕಾಣದಂತೆ ಮುಚ್ಚಿಡುವವಳಲ್ಲ. ಮುಖದಲ್ಲಿ ಏನೂ ಇರಲಿಲ್ಲ. ಅಂದಿನಿಂದ ನನ್ನ ನೆನಪಿನ ಬೆರಳಿಗೆ ಉಂಗುರ ಬಂದಿದೆ.

ಕಳೆದ ಶುಕ್ರವಾರ ವಕ್ರಾಕ್ಕೆ ಹೋಗಿದ್ದೆ. ಅಕ್ಕ ಒಣ ಸಿಗಡಿ ಹುರಿದು ಚಟ್ನಿ ಅರೆಯುತ್ತಿದ್ದಳು. ಕೆಳಗಿನ ಅಂಗಡಿಯಿಂದ ಮೊಸರು ತರಲು ಹೋಗಿದ್ದ ಭಾವ ಬಾಗಿಲು ತೆರೆದು, ಚಪ್ಪಲಿ ಬಿಡುವ ಮೊದಲೇ, "ಸಿಗಡಿ ಚಟ್ನಿಯಾ?" ಎಂದರು. ಅಕ್ಕ ಹೌದೆಂದಳು. ಮಿಕ್ಸಿ ನಿಲ್ಲಿಸಲಿಲ್ಲ. ವಾಸನೆ ತಿಳಿಯಿತೋ, ಅಥವಾ ಹೊರಗೆ ಹೋಗುವಾಗ ಕಟ್ಟೆಯ ಮೇಲೆ ಬಿಚ್ಚಿಟ್ಟಿದ್ದ ಸಿಗಡಿಯ ಪೊಟ್ಟಣ ಅವರ ಕಣ್ಣಿಗೆ ಬಿದ್ದಿತ್ತೋ, ನನಗೆ ಗೊತ್ತಿಲ್ಲ. ಅಕ್ಕನಿಗೆ ಗೊತ್ತಿದೆಯೇ ಎಂಬುದೂ ಗೊತ್ತಿಲ್ಲ.